ಹತ್ತೊಂಬತ್ತು ಗಂಟೆ ದೂರದ ಅಕ್ಕ

ಓಬಳಕ್ಕನಿಗೆ ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವುದಕ್ಕೆ ಕಡಿಮೆಯೆಂದರೂ ಮೂವತ್ತೆಂಟು ಗಂಟೆ ಬೇಕು. ಹೋಗುವುದಕ್ಕೆ ಹತ್ತೊಂಬತ್ತು, ಬರುವುದಕ್ಕೆ ಹತ್ತೊಂಬತ್ತು. ಬೆಳಕಿಗಿಂತ ವೇಗವಾಗಿ ಓಡುವ ಅಂಚೆಯವನು ಇನ್ನೂ ಹುಟ್ಟಿಲ್ಲ. ಆದರೂ ಜನ ಕಾಯುತ್ತಿದ್ದರು. ಪಕ್ಕದ ಮನೆಯ ಹಿರಿಯರು ಎರಡು ನಿಮಿಷದಲ್ಲಿ ಹೇಳುವ ಬುದ್ಧಿಮಾತು ಯಾರಿಗೂ ಬೇಡ, ಅದೇ ಮಾತು ಗ್ರಹಗಳನ್ನೆಲ್ಲ ದಾಟಿಹೋದ ಹಡಗಿನಿಂದ ಬಂದರೆ ಅದಕ್ಕೊಂದು ತೂಕ ಎಂದು ನಾನು ಗೇಲಿ ಮಾಡುತ್ತಿದ್ದೆ. ಆಮೇಲೆ ನಾನೂ ಕೇಳಿದೆ.

ನನ್ನ ಹೆಸರು ಇಂದುಮತಿ. ಬಿಳಿಕಲ್ಲು ಕಾವಲಿನ ದೂರಸಂಪರ್ಕ ಕೇಂದ್ರದಲ್ಲಿ ಎಂಜಿನಿಯರ್. ಕಾವಲು ಎಂದರೆ ಕಣ್ಣು ಹರಿಯುವಷ್ಟು ದೂರ ಹುಲ್ಲು, ಅಲ್ಲಲ್ಲಿ ಜಾಲಿ ಮರ, ನಡುವೆ ಎಪ್ಪತ್ತು ಮೀಟರ್ ಅಗಲದ ನಮ್ಮ ಆಂಟೆನಾ ತಟ್ಟೆ. ಆ ತಟ್ಟೆಗೆ ಇರುವುದು ಒಂದೇ ಕೆಲಸ. ಏಳು ವರ್ಷದ ಹಿಂದೆ ಆರು ಜನರನ್ನು ಹೊತ್ತು ಹೊರಟ ‘ಚಕೋರ’ ಎಂಬ ಹಡಗಿನ ಪಿಸುಮಾತನ್ನು ಹಿಡಿಯುವುದು. ಬಿಸಿಲಿನ ಒತ್ತಡವನ್ನೇ ಪಟಕ್ಕೆ ತುಂಬಿಕೊಂಡು ಹೋಗುವ ಹಡಗು ಅದು. ತಿರುಗಿ ಮನೆ ಸೇರುವುದಕ್ಕೆ ಇನ್ನೂ ಒಂಬತ್ತು ವರ್ಷ ಇದೆ.

ಓಬಳಮ್ಮ ಅದರಲ್ಲಿ ಕೃಷಿ ವಿಜ್ಞಾನಿ. ಹಡಗಿನೊಳಗೆ ನವಣೆ, ಸಜ್ಜೆ, ಸೊಪ್ಪು ಬೆಳೆದು ಆರು ಹೊಟ್ಟೆಗೆ ಅಳೆದು ಕೊಡುವವರು. ಹನ್ನೊಂದು ವರ್ಷದ ಮಗನನ್ನು ತಂಗಿಯ ಮನೆಯಲ್ಲಿ ಬಿಟ್ಟು ಹೊರಟಾಗ ಪತ್ರಿಕೆಗಳು ಅವರನ್ನು ಬೈದಿದ್ದವು. ಈಗ ಅದು ಯಾರಿಗೂ ನೆನಪಿಲ್ಲ. ಒಮ್ಮೆ ಶಾಲೆಯ ಮಕ್ಕಳ ಪ್ರಶ್ನೆಗಳನ್ನು ಹಡಗಿಗೆ ಕಳಿಸಿದಾಗ ಶಿಕ್ಷಕಿಯೊಬ್ಬರು ತಮ್ಮದೊಂದನ್ನು ಮೆಲ್ಲಗೆ ಸೇರಿಸಿದ್ದರು. ಅತ್ತೆ ನಾನು ಮಾಡಿದ ಅಡುಗೆ ಮುಟ್ಟುವುದಿಲ್ಲ, ಏನು ಮಾಡಲಿ? ಓಬಳಮ್ಮ ಹೇಳಿದರು: “ಒಂದ್ ವಾರ ನೀನು ಅಡುಗೆನೇ ಮಾಡ್ಬ್ಯಾಡ. ಅವರ ಪಕ್ಕದಾಗೆ ಕೂತು ಸೊಪ್ಪು ಸೋಸು.” ಅಷ್ಟೇ. ಆ ಅತ್ತೆ ಸೊಸೆ ಈಗ ಜೊತೆಗೆ ಹಪ್ಪಳ ಮಾರುತ್ತಾರಂತೆ. ಓಬಳಮ್ಮ ಓಬಳಕ್ಕ ಆದದ್ದು ಹೀಗೆ.

ಜನರ ಕಾಟ ತಡೆಯಲಾಗದೆ ಕೇಂದ್ರ ಒಂದು ಏರ್ಪಾಡು ಮಾಡಿತು. ಪ್ರತಿ ಮಂಗಳವಾರ ಚೀಟಿ ಎತ್ತಿ ಆರಿಸಿದ ಇಪ್ಪತ್ತನಾಲ್ಕು ಪ್ರಶ್ನೆಗಳು ಹೋಗುತ್ತವೆ. ಒಂದೊಂದೂ ನಲವತ್ತು ಪದದೊಳಗೆ, ಹೆಸರು ಊರು ಇಲ್ಲದೆ, ಬರೀ ಸಂಖ್ಯೆಯೊಂದಿಗೆ. ಅಕ್ಕ ಹನ್ನೆರಡು ನಿಮಿಷದಲ್ಲಿ ಎಲ್ಲಕ್ಕೂ ಒಂದೇ ಉಸಿರಿಗೆ ಉತ್ತರ ಹೇಳುತ್ತಾರೆ. ಅಷ್ಟು ದೂರದಿಂದ ಧ್ವನಿ ಕಳಿಸುವುದು ದುಬಾರಿಯಾದ್ದರಿಂದ ಹಡಗಿನ ಯಂತ್ರ ಅದನ್ನು ಅಕ್ಷರಕ್ಕಿಳಿಸಿ ಕಳಿಸುತ್ತದೆ. ಗುರುವಾರ ಮಧ್ಯಾಹ್ನ ನಮ್ಮ ಕಂಪ್ಯೂಟರು ಆ ಉದ್ದನೆಯ ಮಾತನ್ನು ತುಂಡು ಮಾಡಿ ಅವರವರ ಫೋನಿಗೆ ಮುಟ್ಟಿಸುತ್ತದೆ. ನಡುವೆ ಯಾರೂ ಓದುವಂತಿಲ್ಲ. ಅದು ಗುಟ್ಟಿನ ನಿಯಮ.

ತುಂಡು ಮಾಡುವ ಆ ಪ್ರೋಗ್ರಾಮು ನನ್ನದೇ. ‘ಜರಡಿ’ ಎಂದು ಹೆಸರಿಟ್ಟಿದ್ದೆ. ಮೈಸೂರಿನ ಬಾಡಿಗೆ ಮನೆಯಲ್ಲಿ ಅಕ್ಕಿಯನ್ನು ಪೊಟ್ಟಣದಲ್ಲೇ ಕಂಡು ಬೆಳೆದವಳು ಜರಡಿ ಎಂದು ಹೆಸರಿಟ್ಟದ್ದು ನನ್ನ ಸೊಕ್ಕು. ಮೊದಲ ವಾರಗಳ ಪರೀಕ್ಷೆಯಲ್ಲಿ ಹಡಗಿನ ಯಂತ್ರ ಸಂಖ್ಯೆಗಳನ್ನು ಆಗಾಗ ತಪ್ಪು ಬರೆಯುತ್ತಿತ್ತು. ಹದಿನಾರಕ್ಕೆ ಹದಿಮೂರು ಅನ್ನುತ್ತಿತ್ತು. ಹಾಗಾಗಿ ನಾನು ಸಂಖ್ಯೆಯನ್ನು ನಂಬದೆ ಸಾಲನ್ನು ನಂಬಿದೆ. ಮೊದಲ ಸಂಖ್ಯೆ ಸಿಗುವವರೆಗೆ ಬಂದದ್ದೆಲ್ಲ ನಮಸ್ಕಾರ, ಕುಶಲ, ಹರಕೆ, ಅದನ್ನು ಬೇರೆ ಕಡತದಲ್ಲಿ ಇಡು. ಅಲ್ಲಿಂದ ಮುಂದೆ ಬಂದ ತುಂಡುಗಳನ್ನು ಸಾಲಾಗಿ ಒಂದನೆಯವರಿಗೆ, ಎರಡನೆಯವರಿಗೆ, ಮೂರನೆಯವರಿಗೆ ಕೊಡುತ್ತಾ ಹೋಗು. ನಾನು ಕೊಟ್ಟ ಅಪ್ಪಣೆ ಇಷ್ಟೇ.

ಕೆಲಸ ಚೆನ್ನಾಗಿ ನಡೆಯಿತು. ಮಗಳು ಯಾವನನ್ನೋ ಮದುವೆಯಾಗುತ್ತೇನೆಂದು ಊಟ ಬಿಟ್ಟು ಕೂತಿದ್ದಾಳೆ ಎಂದು ಕೇಳಿದ ತಂದೆಯೊಬ್ಬನಿಗೆ “ಹಗ್ಗ ಬಿಚ್ಚಿ ಎರಡ್ ದಿನ ಸುಮ್ಕೆ ಬಿಡು, ತಾನೇ ಮೇವಿಗೆ ಬರ್ತೈತೆ” ಎಂದು ಉತ್ತರ ಬಂತು. ಅವನು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಎಂಥ ಉಪಮೆ ಎಂದು ಪತ್ರಿಕೆಗಳು ಬರೆದವು. ಇಪ್ಪತ್ತನಾಲ್ಕನೆಯವರಿಗೆ ಮಾತ್ರ ಯಾವ ವಾರವೂ ಉತ್ತರ ಸಿಗುತ್ತಿರಲಿಲ್ಲ. ಹನ್ನೆರಡು ನಿಮಿಷ ಮುಗಿದುಹೋಗುತ್ತದೇನೋ ಎಂದು ನಾನು ಅಂದುಕೊಂಡೆ. ಕೊನೆಯವರಿಗೆ ಅಕ್ಕ ಮೌನವನ್ನೇ ಉತ್ತರವಾಗಿ ಕೊಡುತ್ತಾರೆ ಎಂದು ಜನ ಅಂದುಕೊಂಡರು. ಆ ಮೌನ ನಮಗೇ ಬೇಕು ಎಂದು ಅರ್ಜಿ ಹಾಕುವವರೂ ಹುಟ್ಟಿಕೊಂಡರು.

ದೂರು ಬಂದದ್ದು ಒಂದೇ. ಗೋವಿಂದಪ್ಪ ಎಂಬ ನಿವೃತ್ತ ಪಿ.ಟಿ. ಮೇಷ್ಟ್ರು ಬಸ್ಸಿಳಿದು ಒಂದೂವರೆ ಮೈಲಿ ನಡೆದು ಕೇಂದ್ರಕ್ಕೇ ಬಂದರು.

“ಅಮ್ಮಾ, ನಾನು ಅಕ್ಕನ್ನ ಕೇಳಿದ್ರೆ ಅಕ್ಕ ನನ್ನೇ ಒಂದ್ ಪ್ರಶ್ನೆ ಕೇಳ್ಯಾರೆ. ನಂಗೆ ತಲೆಬುಡ ಗೊತ್ತಾಗ್ತಿಲ್ಲ. ಏನಂದ್ರೆ...”

“ಹೇಳಬೇಡಿ ಮೇಷ್ಟ್ರೇ. ನಾವು ಕೇಳಿಸಿಕೊಳ್ಳೋ ಹಾಗಿಲ್ಲ,” ಎಂದೆ.

“ಅವರು ಕೇಳಿದ್ದಕ್ಕೆ ಏನಾರ ಹೇಳಿ ಕಳಿಸಬ್ಯಾಡ್ವಾ?”

“ಮತ್ತೆ ಚೀಟಿ ಹಾಕಬೇಕಾಗುತ್ತೆ. ನಿಧಾನವಾಗಿ ಯೋಚನೆ ಮಾಡಿ, ಅಕ್ಕನ ಮಾತು ಆಮೇಲೆ ಅರ್ಥ ಆಗುತ್ತೆ.”

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು ಹೋದರು. ನಾನು ದೂರಿನ ಪುಸ್ತಕದಲ್ಲಿ ‘ಬಗೆಹರಿಸಲಾಗಿದೆ’ ಎಂದು ಬರೆದೆ.

ಆ ದಿನಗಳಲ್ಲಿ ನನ್ನ ತಲೆಯೇ ನೆಟ್ಟಗಿರಲಿಲ್ಲ. ಅದಕ್ಕೆ ಹಿಂದಿನ ಭಾನುವಾರ ಬೆಳಿಗ್ಗೆ ನನ್ನ ಕ್ವಾರ್ಟರ್ಸ್ ಬಾಗಿಲಲ್ಲಿ ಅಪ್ಪ ನಿಂತಿದ್ದರು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ಹೇಳದೆ ಕೇಳದೆ ಮನೆ ಬಿಟ್ಟು ಹೋದವರು ಇಪ್ಪತ್ತೆರಡು ವರ್ಷದ ಮೇಲೆ ಒಂದು ಬಟ್ಟೆಯ ಚೀಲ ಹಿಡಿದು ಬಂದಿದ್ದರು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದರು. ಗಂಗಾವತಿ ಕಡೆ ಒಂದು ಕಾಳಿನ ಮಂಡಿಯಲ್ಲಿ ಅಳೆದು ಕೊಡುವ ಕೆಲಸದಲ್ಲಿದ್ದರಂತೆ. ಈಗ ಮೈಯಲ್ಲಿ ಶಕ್ತಿ ಇಲ್ಲ.

ಅಮ್ಮ ತೀರಿಕೊಂಡು ಮೂರು ವರ್ಷ. ಅವಳು ಅಪ್ಪನ ಬಗ್ಗೆ ಒಂದು ಒಳ್ಳೆಯ ಮಾತಾಗಲಿ ಕೆಟ್ಟ ಮಾತಾಗಲಿ ಆಡಿದವಳಲ್ಲ. ‘ಅವನು ಬಂದರೆ ಬಾಗಿಲು ಹಾಕು’ ಎಂದಾದರೂ ಹೇಳಿಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅಣ್ಣನಿಲ್ಲ, ಅಕ್ಕನಿಲ್ಲ, ಸೋದರಮಾವ ಎಂಬುವರು ಮದುವೆಯ ಕರೆಯೋಲೆಯಲ್ಲಿ ಮಾತ್ರ. ಮೂವತ್ತೇಳು ವರ್ಷದ ಹೆಂಗಸು, ಸಾವಿರ ಕೋಟಿ ಮೈಲಿಗೂ ಆಚೆಯ ಹಡಗಿಗೆ ದಿಕ್ಕು ಹೇಳುವವಳು, ನನಗೆ ಯಾರಾದರೂ ಹೀಗೆ ಮಾಡು ಎಂದು ಹೇಳಬೇಕಿತ್ತು. ತಲೆಯ ಮೇಲೆ ಕೈಯಿಟ್ಟು ಹೇಳಬೇಕಿತ್ತು. ಅಷ್ಟು ಆಸೆಯಾಗಿತ್ತು.

ಬಾಗಿಲಲ್ಲಿ ನಿಂತ ಅಪ್ಪನಿಗೆ ನಾನು ಹೇಳಿದ್ದು, “ಗುರುವಾರ ಬನ್ನಿ.”

ಕಚೇರಿಯ ಗುಮಾಸ್ತೆ ಹೇಳುವ ಹಾಗೆ. ಅವರು ‘ಯಾಕೆ’ ಎನ್ನಲಿಲ್ಲ. ಪೇಟೆಯ ಛತ್ರದಲ್ಲಿ ನಾಲ್ಕು ದಿನ ಇದ್ದರು.

ಸಿಬ್ಬಂದಿ ಪ್ರಶ್ನೆ ಕಳಿಸುವಂತಿಲ್ಲ. ಆ ವಾರದ ಪಟ್ಟಿಯಲ್ಲಿ ಒಂದು ಪ್ರಶ್ನೆ ಎರಡು ಸಲ ಬಂದಿತ್ತು. ಹದಿನೇಳನೆಯ ಆ ಜಾಗಕ್ಕೆ ನನ್ನದನ್ನು ತುರುಕಿದೆ. ‘ಇಪ್ಪತ್ತೆರಡು ವರ್ಷದ ಹಿಂದೆ ಹೇಳದೆ ಬಿಟ್ಟುಹೋದ ಅಪ್ಪ ಈಗ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಅಮ್ಮ ಇಲ್ಲ. ನಾನು ಒಬ್ಬಳೇ ಮಗಳು. ಒಳಗೆ ಕರೆಯಲೇ, ಬೇಡವೇ?’

ಗುರುವಾರ ಮಧ್ಯಾಹ್ನ ನನ್ನ ಫೋನಿಗೆ ಉತ್ತರ ಬಂತು.

“ಒಳಕ್ಕೆ ತಗಾ. ಬಿಸಿಲಿಗೆ ಬಿಟ್ರೆ ಇನ್ನೊಂದ್ ವಾರ ಬಾಳಲ್ಲ. ನೆಳ್ಳಾಗಿಟ್ಟು ದಿನಾ ಒಂದೀಟು ಒಂದೀಟು ನೀರು ಕೊಡು. ಒಂದೇ ಸಲಕ್ಕೆ ಸುರೀಬ್ಯಾಡ.”

ತಟ್ಟೆಯ ನೆರಳಿನಲ್ಲಿ ಕೂತು ಅತ್ತೆ. ಎಷ್ಟು ಸರಿಯಾಗಿ ಹೇಳಿದರು! ಕ್ಷಮಿಸು ಎನ್ನಲಿಲ್ಲ, ಪ್ರೀತಿಸು ಎನ್ನಲಿಲ್ಲ. ಒಂದೀಟು ಒಂದೀಟು. ಸಂಜೆ ಅಪ್ಪ ಬಂದಾಗ ಬಾಗಿಲು ತೆಗೆದೆ.

ಅಕ್ಕ ಹೇಳಿದಂತೆಯೇ ನಡೆದುಕೊಂಡೆ. ದಿನಕ್ಕೆ ಐದು ಮಾತು. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಹೊರಗೆ ಬಿಸಿಲಿದೆ, ಕೊಡೆ ಅಲ್ಲಿದೆ, ನಾನು ಬರೋದು ತಡ. ಎರಡನೆಯ ವಾರ ಏಳು ಮಾತು ಮಾಡಿದೆ. ಅಪ್ಪ ಅದಕ್ಕಿಂತ ಹೆಚ್ಚು ಕೇಳಲಿಲ್ಲ. ನೆಲ ಒರೆಸುತ್ತಿದ್ದರು, ಸಾರು ಮಾಡುತ್ತಿದ್ದರು. ಸಾರು ಚೆನ್ನಾಗಿರುತ್ತಿತ್ತು, ಅದನ್ನು ಹೇಳಿದರೆ ಎಂಟನೆಯ ಮಾತಾಗುತ್ತದೆ ಎಂದು ಹೇಳುತ್ತಿರಲಿಲ್ಲ. ಪ್ರೀತಿ ಬಂತೇ ಎಂದರೆ ಗೊತ್ತಿಲ್ಲ. ಸಿಟ್ಟು ಹೋಯಿತೇ ಎಂದರೆ ಅದೂ ಗೊತ್ತಿಲ್ಲ.

ಆರು ವಾರದ ಮೇಲೆ ಒಂದು ಬುಧವಾರ ಅಪ್ಪ ತಾವಾಗಿ ಒಂದು ವಿಷಯ ಎತ್ತಿದರು. ದಾವಣಗೆರೆಯ ಒಂದು ವೃದ್ಧಾಶ್ರಮದಲ್ಲಿ ಜಾಗ ಇದೆಯಂತೆ, ಶನಿವಾರದೊಳಗೆ ಬರುತ್ತೀರೋ ಇಲ್ಲವೋ ಹೇಳಬೇಕಂತೆ.

“ನಾಲ್ಕು ದಿನ ಅಂತ ಬಂದೋನು ನಾನು. ನೀನು ಹೇಗೆ ಹೇಳಿದ್ರೆ ಹಾಗೆ,” ಎಂದರು.

“ನೋಡೋಣ,” ಎಂದೆ. ಆದರೆ ಮನಸ್ಸಿನಲ್ಲಿ ಇಲ್ಲೇ ಇರಲಿ ಎಂದೇ ಇತ್ತು. ಅಕ್ಕ ಒಳಕ್ಕೆ ತಗಾ ಎಂದ ಮೇಲೆ ಹೊರಗೆ ಕಳಿಸಲು ನಾನು ಯಾರು?

ಅವತ್ತು ಸಂಜೆ ಹೊಸ ಅಕ್ಕಿ ಚೀಲ ತಂದಿದ್ದೆ. ಅಪ್ಪ ಅಡುಗೆಮನೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಪಾವಿನಿಂದ ಡಬ್ಬಿಗೆ ಅಳೆದು ಹಾಕುತ್ತಿದ್ದರು. ನಾನು ಚಹಾ ಸೋಸುತ್ತಿದ್ದೆ.

“ಲಾಭ... ಎರಡು... ಮೂರು... ನಾಲ್ಕು...”

ಸೋಸಣಿಗೆಯನ್ನು ಕೆಳಗಿಟ್ಟು ತಿರುಗಿದೆ.

“ಏನಂದ್ರಿ? ಮೊದಲು ಏನೋ ಅಂದ್ರಲ್ಲ?”

“ಲಾಭ ಅಂದೆ. ಅಳೆಯೋವಾಗ ಒಂದು ಅನ್ನಬಾರದು ಅಂತಾರಮ್ಮ. ಒಳ್ಳೇದಾಗ್ಲಿ, ಹೆಚ್ಚಲಿ ಅಂತ ಮೊದಲನೇದಕ್ಕೆ ಲಾಭ ಅನ್ನೋದು. ಮಂಡಿಯಲ್ಲಿ ಎಲ್ಲರೂ ಹಾಗೇ ಎಣಿಸೋದು. ನಾಲಿಗೆಗೆ ಅಂಟಿಬಿಟ್ಟಿದೆ.”

“ಆಮೇಲೆ ಒಂದು ಎಲ್ಲಿ ಬರುತ್ತೆ?”

“ಬರೋದೇ ಇಲ್ಲ,” ಎಂದು ನನ್ನ ಪೆದ್ದುತನಕ್ಕೆ ಮೊದಲ ಸಲ ನಕ್ಕರು. “ಲಾಭನೇ ಒಂದು.”

ನನ್ನ ಕಣ್ಣ ಮುಂದೆ ಬಂದದ್ದು ನಮಸ್ಕಾರದ ಕಡತ. ಪ್ರತಿ ವಾರವೂ ಅದು ‘ಲಾಭ’ ಎಂದೇ ಶುರುವಾಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ನಿಯಮದ ಪ್ರಕಾರ ಮುಂದಿನದನ್ನು ಓದದಿದ್ದರೂ ಮೊದಲ ಪದ ಪರದೆಯ ಮೇಲೆ ಕಾಣುತ್ತಿತ್ತು. ಅಕ್ಕ ಶುಭ ಹಾರೈಸಿಯೇ ಮಾತು ಶುರುಮಾಡುತ್ತಾರೆ ಎಂದು ಪತ್ರಿಕೆಯವರಿಗೆ ಹೆಮ್ಮೆಯಿಂದ ಹೇಳಿಯೂ ಇದ್ದೆ.

ಗುರುವಾರ ಮಧ್ಯಾಹ್ನ ಹೊಸ ಉತ್ತರಗಳು ಬಂದಾಗ ಜರಡಿಯನ್ನು ನಿಲ್ಲಿಸಿದೆ. ನಿಯಮ ಮುರಿದು ಬಂದದ್ದನ್ನು ಹಾಗೆಯೇ ಓದಿದೆ. ‘ಲಾಭ’ ಎಂಬ ಪದದ ಮುಂದೆ ನಮಸ್ಕಾರವೂ ಇಲ್ಲ, ಹರಕೆಯೂ ಇಲ್ಲ. “ಲಾಭ. ಆ ಹುಡುಗಿಗೆ ಓದು ನಿಲ್ಲಿಸಬ್ಯಾಡ ಅಂತ ಹೇಳು...” ಎಂದು ಒಂದನೆಯ ಪ್ರಶ್ನೆಗೆ ಚೊಕ್ಕವಾದ ಉತ್ತರ. ಆಮೇಲೆ “ಎರಡು”. ನನ್ನ ಜರಡಿ ಆ ಎರಡನೆಯ ಉತ್ತರವನ್ನು ಒಂದನೆಯವರಿಗೆ, ಮೂರನೆಯದನ್ನು ಎರಡನೆಯವರಿಗೆ ಕೊಡುತ್ತಾ ಬಂದಿತ್ತು. ಮೂವತ್ತೊಂದು ವಾರದಿಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಗಾದೆ ಎಂದುಕೊಂಡಿದ್ದೆ, ನಾನು ಅದನ್ನು ಯಂತ್ರಕ್ಕೆ ಕಲಿಸಿದ್ದೆ. ಊಟ ಬಿಟ್ಟ ಮಗಳ ತಂದೆಯ ಹಿಂದೆ ಸಾಲಿನಲ್ಲಿದ್ದವನು ನಿಜವಾಗಿಯೂ ಮೇವು ಬಿಟ್ಟ ಎತ್ತಿನ ಯಜಮಾನ. ಅವನಿಗೆ ಏನು ಹೋಯಿತೋ!

ನಾನು ಹದಿನೇಳು. ನನ್ನ ವಾರದ ಪಟ್ಟಿಯಿಂದ ಹದಿನೆಂಟನೆಯ ಪ್ರಶ್ನೆ ತೆಗೆದು ನೋಡಿದೆ. ‘ಕುಂಡದಲ್ಲಿ ಹಾಕಿದ ಮಲ್ಲಿಗೆ ಗಿಡ ಎಲೆ ಉದುರಿಸುತ್ತಿದೆ. ತಾರಸಿಯ ಮೇಲಿದೆ. ಉಳಿಸುವುದು ಹೇಗೆ?’

ಒಳಕ್ಕೆ ತಗಾ, ಬಿಸಿಲಿಗೆ ಬಿಡಬ್ಯಾಡ, ಒಂದೀಟು ಒಂದೀಟು ನೀರು. ಆರು ವಾರದಿಂದ ನಾನು ನನ್ನ ಅಪ್ಪನಿಗೆ ಮಲ್ಲಿಗೆ ಗಿಡದ ಆರೈಕೆ ಮಾಡುತ್ತಿದ್ದೆ. ನಗು ಬಂತು, ಅದರ ಹಿಂದೆಯೇ ಭಯ. ಹಾಗಾದರೆ ನನಗೆಂದು ಅಕ್ಕ ಹೇಳಿದ್ದೇನು? ‘ಬೇಡ, ಬಾಗಿಲು ಹಾಕು’ ಎಂದಿದ್ದರೆ? ನೋಡುವುದೋ ಬಿಡುವುದೋ ಗೊತ್ತಾಗದೆ ಆ ವಾರದ ಕಡತವನ್ನು ತೆರೆದು ಮುಚ್ಚಿದೆ. ಕೊನೆಗೆ ತೆಗೆದೆ.

“ಹದಿನೇಳು. ನನ್ ಕೈಲಿ ಹೇಳಕ್ಕಾಗಲ್ಲ ಕಣವ್ವ, ನಂಗೆ ಗೊತ್ತಿಲ್ಲ. ನಾನೂ ಮಗನ್ನ ಬಿಟ್ ಬಂದೋಳು. ನಿಮ್ಮಪ್ಪನ್ನ ಒಂದ್ ಮಾತು ಕೇಳಿ ನಂಗೆ ಹೇಳ್ತೀಯಾ? ಬಾಗ್ಲಾಗೆ ಹೆಂಗೆ ನಿಂತ್ಕಬೇಕು? ಒಂಬತ್ ವರ್ಷಕ್ಕೆ ನಾನೂ ನಿಂತ್ಕಬೇಕು.”

ಎರಡು ಸಲ ಓದಿದೆ. ಆಮೇಲೆ ಹಳೆಯ ಕಡತಗಳನ್ನೆಲ್ಲ ತಿರುವಿದೆ. ಮೂವತ್ತೊಂದು ವಾರದ ಏಳುನೂರಕ್ಕೂ ಹೆಚ್ಚು ಉತ್ತರಗಳಲ್ಲಿ ಅಕ್ಕ ಯಾರನ್ನೂ ಏನನ್ನೂ ಕೇಳಿದವರಲ್ಲ. ಒಂದೇ ಒಂದು ಸಲ ಕೇಳಿದ್ದರು, ನನ್ನನ್ನು ಕೇಳಿದ್ದರು, ಅದು ಹದಿನಾರನೆಯವರಿಗೆ, ಗೋವಿಂದಪ್ಪ ಮೇಷ್ಟ್ರಿಗೆ, ಹೋಗಿತ್ತು. ಅವರು ಅದನ್ನು ಹಿಡಿದುಕೊಂಡು ಬಿಸಿಲಲ್ಲಿ ನಡೆದು ಬಂದಿದ್ದರು. ನಾನು ಬಾಯಿ ಮುಚ್ಚಿಸಿ ಕಳಿಸಿದ್ದೆ.

ನಮ್ಮ ನಿರ್ದೇಶಕಿ ಹಂಪಣ್ಣವರ್ ಮೇಡಂ ಧಾರವಾಡದ ಕಡೆಯವರು. ಎಲ್ಲವನ್ನೂ ಹೇಳಿದೆ, ಕದ್ದು ಪ್ರಶ್ನೆ ಕಳಿಸಿದ್ದನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮಜ್ಜಿನೂ ಹಂಗ ಎಣಸ್ತಿದ್ಲಲ್ರೀ. ಜ್ವಾಳಾ ಅಳಿಯೂ ಮುಂದ ಲಾಭ, ಎರಡ ಅಂತಿದ್ಲು. ಯಾರರ ಒಬ್ಬರು ನನ್ನ ಕೇಳಿದ್ರ ಹೇಳ್ತಿದ್ದೆ.”

“ಯಾರಿಗೂ ಕೇಳಬೇಕು ಅಂತ ಗೊತ್ತಿರಲಿಲ್ಲ ಮೇಡಂ.”

“ಮಂದಿಗೆ ಹೆಂಗ ಹೇಳೂದು ಈಗ? ಹೇಳಿದ್ರ ಅಕ್ಕನ್ ಮ್ಯಾಲಿನ ನಂಬಿಕಿ ಹೋಗ್ತದ. ಹೇಳಲಿಲ್ಲಂದ್ರ ನಮ್ಮ ಮ್ಯಾಲಿಂದು ಹೋಗಬೇಕು.” ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಹೇಳೇ ಬಿಡೂಣು. ಯಾರಿಗೆ ಅವರ ಖರೇ ಉತ್ತರ ಬೇಕೋ ಅವರಿಗೆ ಕೊಡ್ರಿ. ನೀವೇ ಕೊಡ್ರಿ.”

ಅಂದೇ ಸಂಜೆ ಪ್ರಕಟಣೆ ಹೊರಬಿತ್ತು. ರಾತ್ರಿಯೊಳಗೆ ಫೋನು ಮಾಡಿದವರಲ್ಲಿ ಅರ್ಧಕ್ಕರ್ಧ ಜನ ತಮ್ಮ ನಿಜವಾದ ಉತ್ತರ ಬೇಡವೆಂದರು. ಮಗಳನ್ನು ಹಗ್ಗ ಬಿಚ್ಚಿ ಬಿಟ್ಟ ತಂದೆ, ಮದುವೆಯೂ ಆಗಿಹೋಯಿತು, ಅಳಿಯ ಒಳ್ಳೆಯವನು, ಈಗ ಯಾವ ಉತ್ತರ ತಂದರೂ ತೆಗೆದುಕೊಳ್ಳುವುದಿಲ್ಲ ಎಂದು ಫೋನಿನಲ್ಲೇ ಜಗಳಕ್ಕೆ ಬಂದ. ನನಗೆ ಸ್ವಲ್ಪ ಸಮಾಧಾನವಾಯಿತು. ತಪ್ಪಿನಿಂದಲೂ ಕೆಲವು ಸಲ ಒಳ್ಳೆಯದಾಗುತ್ತದಲ್ಲ ಎಂದುಕೊಂಡೆ. ಆ ಸಮಾಧಾನ ಶುಕ್ರವಾರ ಬೆಳಿಗ್ಗೆ ಗೋವಿಂದಪ್ಪ ಮೇಷ್ಟ್ರ ಮನೆಗೆ ಹೋಗುವವರೆಗೆ ಮಾತ್ರ ಇತ್ತು.

ಅವರ ಹೆಂಡತಿಗೆ ಮರೆವಿನ ಕಾಯಿಲೆ. ಸಂಜೆಯಾದರೆ ಗೇಟಿನ ಹತ್ತಿರ ನಿಂತು ‘ನಮ್ಮನೆಗೆ ಹೋಗ್ಬೇಕು’ ಎಂದು ಅಳುತ್ತಾರಂತೆ. ನಲವತ್ತು ವರ್ಷ ಬಾಳಿದ ಮನೆಯ ಗೇಟು ಅದು. ಏನು ಮಾಡಲಿ ಎಂದು ಮೇಷ್ಟ್ರು ಕೇಳಿದ್ದರು. ಅಕ್ಕ ಅವರಿಗೆಂದು ಹೇಳಿದ್ದ ಉತ್ತರವನ್ನು ನಾನು ಓದಿದೆ.

“ಗೇಟು ತಗ್ದು ಅವರ ಕೈ ಹಿಡ್ಕಂಡು ಒಂದ್ ಸುತ್ತು ನಡ್ಕಂಡ್ ಬನ್ನಿ. ಅದೇ ಗೇಟಿಗೆ ಬಂದು, ಇಗಾ ಮನೆ ಬಂತು ಅನ್ನಿ.”

ಮೇಷ್ಟ್ರು ಜೇಬಿನಿಂದ ಬೀಗದ ಕೈ ತೆಗೆದು ನೋಡಿದರು. ಒಳಗೆ ಅವರ ಹೆಂಡತಿ ಯಾವುದೋ ಹಾಡಿನ ಒಂದೇ ಸಾಲನ್ನು ಗುನುಗುತ್ತಿದ್ದರು.

“ಆರು ವಾರ ಗೇಟಿಗೆ ಬೀಗ ಹಾಕಿದ್ದೆನಮ್ಮ,” ಎಂದರು ಮೇಷ್ಟ್ರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ, ಬೆಳಗಿನ ಹತ್ತು ಗಂಟೆಯಲ್ಲೇ, ಬೀಗ ತೆಗೆದರು. ಇಬ್ಬರೂ ಕೈ ಹಿಡಿದು ಬೀದಿಗೆ ಇಳಿದದ್ದನ್ನು ನೋಡಲಾಗದೆ ನಾನು ಬೇರೆ ಕಡೆಯ ದಾರಿ ಹಿಡಿದೆ.

ಮನೆಗೆ ಬಂದಾಗ ಅಪ್ಪ ಬಟ್ಟೆ ಒಗೆದು ಹರವುತ್ತಿದ್ದರು. ನನ್ನ ತಲೆಯಲ್ಲಿ ಎಲ್ಲವೂ ಕಲಸುಮೇಲೋಗರವಾಗಿತ್ತು. ಇವರನ್ನು ಒಳಗೆ ಕರೆದದ್ದು ತಪ್ಪಿನಿಂದ. ಹಾಗಾದರೆ ಕಳಿಸಿಬಿಡಬೇಕೇ? ಅಕ್ಕ ಕರೆಯಬೇಡ ಎಂದೂ ಹೇಳಿಲ್ಲ. ಅಮ್ಮ ಇದ್ದಿದ್ದರೆ? ನಾಳೆ ಶನಿವಾರ. ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಅವರ ಹತ್ತಿರ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು.

“ನಿಮ್ಮನ್ನ ಒಳಗೆ ಕರೆದದ್ದು ನಾನಲ್ಲ. ಅದು ಯಾರದೋ ಮಲ್ಲಿಗೆ ಗಿಡದ ಉತ್ತರ.”

ಅಪ್ಪ ಕೈಯಲ್ಲಿದ್ದ ಟವೆಲ್ಲನ್ನು ಹಿಂಡುತ್ತಾ ಕೇಳಿದರು: “ಆ ಗಿಡಕ್ಕೆ ಏನಾಯ್ತು?”

ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಅಲ್ಲೇ ಆ ಹದಿನೆಂಟನೆಯವರಿಗೆ ಫೋನು ಮಾಡಿದೆ. ಅವರಿಗೆ ‘ಮನೇಲಿ ಕೂಡಿ ಹಾಕಬ್ಯಾಡ, ಬಿಸಿಲು ಗಾಳಿ ಕಾಣ್ಲಿ’ ಎಂದು ಬಂದಿತ್ತಂತೆ, ಯಾವುದೋ ಹುಡುಗನ ವಿಚಾರಕ್ಕೆ ಅಕ್ಕ ಹೇಳಿದ್ದ ಉತ್ತರ. ಗಿಡ ಒಣಗಿಹೋಗಿತ್ತು.

“ಒಣಗಿತಂತೆ,” ಎಂದೆ.

“ಅದರ ಪಾಲಿನ ನೆರಳು ನನಗೆ ಬಂತು,” ಎಂದರು ಅಪ್ಪ. “ಹೋಗೋ ಮುಂಚೆ ಅವರಿಗೊಂದು ಗಿಡ ತಂದು ಕೊಡಬೇಕು.”

ಹೋಗೋ ಮುಂಚೆ! ಎಷ್ಟು ಸಲೀಸಾಗಿ ಅಂದರು! ನನಗೆ ಸಿಟ್ಟು ನೆತ್ತಿಗೇರಿತು. ಹೋಗುವುದೆಂದರೆ ಇವರಿಗೆ ನೀರು ಕುಡಿದಷ್ಟು ಸುಲಭ.

“ಅಕ್ಕ ನಿಮ್ಮನ್ನ ಒಂದು ಮಾತು ಕೇಳಿದ್ದಾರೆ,” ಎಂದೆ ಗಡುಸಾಗಿ. ಫೋನಿನಲ್ಲಿದ್ದ ಹದಿನೇಳನೆಯ ಉತ್ತರವನ್ನು ಓದಿ ಹೇಳಿದೆ.

ಅಪ್ಪ ಒಗೆಯುವ ಕಲ್ಲಿನ ಮೇಲೆ ಕೂತರು. ಅಕ್ಕನ ಮಗನಿಗೆ ಈಗ ಎಷ್ಟು ವಯಸ್ಸು ಎಂದು ಕೇಳಿದರು. ಹದಿನೆಂಟು ಎಂದೆ. ಆಮೇಲೆ ನೆಲ ನೋಡುತ್ತಾ ನಿಧಾನವಾಗಿ ಮಾತಾಡಿದರು.

“ನಾನು ಮೂರು ಸಲ ಬಂದು ಬಸ್ ಸ್ಟ್ಯಾಂಡಿಂದಲೇ ವಾಪಸ್ ಹೋಗಿದ್ದೆ ಅಂತ ಹೇಳು. ನಾಲ್ಕನೇ ಸಲ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಬಾಗಿಲು ತೆಗೆದಾಗ ಒಂದೂ ನೆನಪಿಗೆ ಬರಲಿಲ್ಲ. ಅದಕ್ಕೇ ಮಾತು ಜೋಡಿಸ್ಕೊಬೇಡಿ ಅನ್ನು. ಚಪ್ಪಲಿ ಕೆಳಗೇ ಬಿಡಿ, ಒಳಗೆ ಬರೋ ಹಕ್ಕಿದೆ ಅನ್ನೋ ಹಾಗೆ ನಿಲ್ಲಬೇಡಿ ಅನ್ನು. ಬಾಗಿಲು ತೆಗೆಯದೇ ಹೋದರೆ...” ಒದ್ದೆ ಟವೆಲ್ಲನ್ನು ಮಡಿಲಲ್ಲಿಟ್ಟು ಮಡಿಸಿದರು. “ತೆಗೆಯದೇ ಹೋದರೆ ತಪ್ಪು ಆ ಮಗೂದಲ್ಲ. ಅದನ್ನ ಮೊದಲೇ ತಿಳ್ಕೊಂಡು ಹೋಗಬೇಕು. ಗುರುವಾರ ಬನ್ನಿ ಅಂದರೂ ಗುರುವಾರ ಹೋಗಬೇಕು.”

ಇಪ್ಪತ್ತೆರಡು ವರ್ಷ ನಾನು ಕಾಯುತ್ತಿದ್ದ ಮಾತು ಅದು. ಅದನ್ನು ಅವರು ನನಗೆ ಹೇಳಲಿಲ್ಲ, ಹತ್ತೊಂಬತ್ತು ಗಂಟೆ ದೂರದಲ್ಲಿರುವ ಇನ್ನೊಬ್ಬರಿಗೆ ಹೇಳಿದರು. ನಾನು ನಡುವೆ ನಿಂತು ಕೇಳಿಸಿಕೊಂಡೆ. ಅಳು ಬಂತು, ಅವರೆದುರೇ ಅತ್ತೆ. ಸಿಟ್ಟೂ ಹಾಗೇ ಇತ್ತು, ಅಳುವೂ ಇತ್ತು. ಎರಡೂ ಹೇಗೆ ಒಟ್ಟಿಗಿರುತ್ತವೋ ನನಗೆ ಅರ್ಥವಾಗಲಿಲ್ಲ.

ಹಂಪಣ್ಣವರ್ ಮೇಡಂ ಅನುಮತಿ ಕೊಟ್ಟರು. ಸಂಜೆ ಐದಕ್ಕೆ ಹಡಗಿಗೆ ದಿನವೂ ಹೋಗುವ ಕೆಲಸದ ಸಂದೇಶದ ಜೊತೆ ಅಪ್ಪನ ಮಾತನ್ನು ಕಳಿಸಿದೆ. ನಲವತ್ತು ಪದದ ನಿಯಮ ಮೀರಿತ್ತು, ಒಂದು ಪದವನ್ನೂ ಕಡಿಮೆ ಮಾಡಲಿಲ್ಲ. ಆರು ವಾರ ತಡವಾದದ್ದು ನನ್ನ ತಪ್ಪು ಎಂದೂ ಸೇರಿಸಿದೆ. ಮರುಮಾತು ಬರುವುದು ಭಾನುವಾರ ಬೆಳಿಗ್ಗೆ ಏಳರ ಮೇಲೆ.

ವೃದ್ಧಾಶ್ರಮದವರು ಶನಿವಾರ ಹನ್ನೊಂದಕ್ಕೇ ಫೋನು ಮಾಡಿದರು. ಅಪ್ಪ ನನ್ನ ಕೈಗೆ ಕೊಟ್ಟು, ಸಿಡಿಯುತ್ತಿದ್ದ ಸಾಸಿವೆಯ ಕಡೆ ತಿರುಗಿಕೊಂಡರು. ಅವರ ಬೆನ್ನು ನೋಡಿದೆ. ಕೇಳುವುದಕ್ಕೆ ಯಾರೂ ಇರಲಿಲ್ಲ. ಅಕ್ಕನನ್ನು ಕೇಳಿದರೆ ಮೂವತ್ತೆಂಟು ಗಂಟೆ, ಅಮ್ಮನನ್ನು ಕೇಳಲು ದಾರಿಯೇ ಇಲ್ಲ.

“ಬರ್ತಾರಾ ಮೇಡಂ? ಫಾರಂ ತುಂಬ್ಕೋಬೇಕು,” ಎಂದಿತು ಆ ಕಡೆಯ ಧ್ವನಿ.

“ಇಲ್ಲ, ಬರೋದಿಲ್ಲ.”

“ಕಾರಣ ಏನಂತ ಬರ್ಕೊಳ್ಳಲಿ?”

“ಗೊತ್ತಿಲ್ಲ,” ಎಂದೆ.

ಅಪ್ಪ ತಿರುಗಲಿಲ್ಲ. ಒಗ್ಗರಣೆ ಸೀದುಹೋಯಿತು. ಅವತ್ತಿನ ಸಾರು ಕಹಿಯಾಗಿತ್ತು, ಅದನ್ನು ಹೇಳಿದೆ.

ಭಾನುವಾರ ಬೆಳಿಗ್ಗೆ ರಜೆಯಿದ್ದರೂ ಕೇಂದ್ರಕ್ಕೆ ಹೋದೆ. ಏಳೂವರೆಗೆ ಬಂತು.

“ಲಾಭ. ನಿಮ್ಮಪ್ಪಂಗೆ ಹೇಳವ್ವ, ಚಪ್ಲಿ ಕೆಳಗೇ ಬಿಟ್ಟು ನಿಂತ್ಕತೀನಿ ಅಂತ. ಒಂದ್ ಕೇಳದು ಮರ್ತೆ. ನೀನು ಏನ್ ಮಾಡ್ದೆ? ಒಳಕ್ಕೆ ಕರದ್ಯಾ?”

ಎರಡು ಎಂಬುದು ಇರಲಿಲ್ಲ. ಒಂದೇ ಅಳತೆ, ಅದು ನನ್ನದೇ.

‘ಮೊದಲ ಸಲ ತಪ್ಪಿ ಕರೆದೆ ಅಕ್ಕ, ನಿನ್ನೆ ನಾನೇ ಕರೆದೆ’ ಎಂದು ಬರೆದು ಕಳಿಸಿದೆ. ಅದು ನಾಳೆ ನಸುಕಿಗೆ ಅವರನ್ನು ಮುಟ್ಟುತ್ತದೆ. ಯಾಕೆ ಕರೆದೆ ಎಂದು ಕೇಳಿದರೆ ಏನು ಹೇಳಬೇಕೋ ಇನ್ನೂ ತಿಳಿಯದು. ಮನೆಗೆ ಹೋಗುವ ದಾರಿಯಲ್ಲಿ ನರ್ಸರಿಯ ಮುಂದೆ ಗಾಡಿ ನಿಲ್ಲಿಸಿ ಎರಡು ಮಲ್ಲಿಗೆ ಗಿಡ ತೆಗೆದುಕೊಂಡೆ.